ಮೂರು ತಲೆಮಾರು ಒಟ್ಟಿಗೆ ನೇಪಾಳಕ್ಕೆ: ಪಶುಪತಿ, ಮುಕ್ತಿನಾಥ, ಲುಂಬಿನಿ ಯಾತ್ರೆಯ ತಯಾರಿ

ನಾವು ಮೊದಲ ಸಲ ನೇಪಾಳಕ್ಕೆ ಹೋದದ್ದು 2018ರಲ್ಲಿ. ಒಟ್ಟು ಏಳು ದಿನ. ಅಪ್ಪನಿಗೆ ಹಿಮಾಲಯದ ಎತ್ತರದಲ್ಲಿರುವ ವಿಷ್ಣುಕ್ಷೇತ್ರ ಮುಕ್ತಿನಾಥ ನೋಡಬೇಕೆಂಬ ಆಸೆ ವರ್ಷಗಳಿಂದ ಇತ್ತು. ಪೋಖರಾ ವಿಮಾನ ನಿಲ್ದಾಣದಲ್ಲಿ ಎರಡು ದಿನ ಬೆಳಿಗ್ಗೆ ಐದೂವರೆಗೆ ಹೋಗಿ ಕುಳಿತೆವು. ಎರಡು ದಿನವೂ ಮೋಡ ಸರಿಯಲಿಲ್ಲ, ಮುಕ್ತಿನಾಥದ ದಾರಿಯಲ್ಲಿರುವ ಜೋಮ್‌ಸೋಮ್‌ಗೆ ಹೋಗುವ ವಿಮಾನ ಏಳಲಿಲ್ಲ. ಮೂರನೆಯ ದಿನ ಊರಿಗೆ ಮರಳುವ ಟಿಕೆಟ್ ಕೈಯಲ್ಲಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಮರಳುವ ವಿಮಾನದ ಕಿಟಕಿಯಿಂದ ಹಿಮಾಲಯ ಕಂಡಾಗ ಕೈ ಮುಗಿದರು, ಅಷ್ಟೇ.

2023ರ ಏಪ್ರಿಲ್‌ನಲ್ಲಿ ಮತ್ತೆ ಹೊರಟೆವು. ಅಪ್ಪನಿಗೆ 74, ಅಮ್ಮನಿಗೆ 69, ಮಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ ಹದಿನಾರರ ಹುಡುಗ, ಮಗಳಿಗೆ ಒಂಬತ್ತು. ನಾವಿಬ್ಬರು ಸೇರಿ ಆರು ಜನ. ಈ ಸಲ ಹನ್ನೆರಡು ದಿನ ಇಟ್ಟುಕೊಂಡೆವು, ಅದರಲ್ಲಿ ಎರಡು ದಿನ ಏನೂ ಕಾರ್ಯಕ್ರಮವಿಲ್ಲದೆ ಖಾಲಿ. ಯಾತ್ರೆ ಕೈಗೂಡಿದ್ದು ಆ ಎರಡು ಖಾಲಿ ದಿನಗಳ ದೆಸೆಯಿಂದ. ವಯಸ್ಸಾದವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋಗುವವರಿಗೆ ನೆರವಾಗಲೆಂದು, ತಯಾರಿಯನ್ನು ನಾವು ಮಾಡಿದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ತೀರ್ಮಾನ: ಮುಕ್ತಿನಾಥ ಉಂಟೋ ಇಲ್ಲವೋ

ಟಿಕೆಟ್, ಹೋಟೆಲ್ ಯಾವುದನ್ನೂ ಮುಟ್ಟುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಕಠ್ಮಂಡು ಕಣಿವೆ ಸುಮಾರು 1,400 ಮೀಟರ್ ಎತ್ತರದಲ್ಲಿದೆ, ಪೋಖರಾ ಅದಕ್ಕಿಂತ ತಗ್ಗು, ಲುಂಬಿನಿ ಬಯಲುಸೀಮೆ. ಇವು ಮೂರರಲ್ಲಿ ಯಾರಿಗೂ ಉಸಿರಿನ ತೊಂದರೆ ಇಲ್ಲ. ಮುಕ್ತಿನಾಥ ಮಾತ್ರ 3,700 ಮೀಟರ್‌ಗಿಂತ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರ ಎಂದುಕೊಂಡರೆ ಅಂದಾಜು ಸಿಗುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು.

ಆದ್ದರಿಂದ ಹೊರಡುವ ಎರಡು ತಿಂಗಳು ಮೊದಲೇ ಹಿರಿಯರನ್ನು ಅವರ ವೈದ್ಯರ ಬಳಿ ಕರೆದುಕೊಂಡು ಹೋಗಿ, ‘ಮುಕ್ತಿನಾಥ, 3,700 ಮೀಟರ್, ಒಂದು ರಾತ್ರಿ 2,700 ಮೀಟರ್‌ನಲ್ಲಿ ವಾಸ’ ಎಂದು ಎತ್ತರದ ಸಮೇತ ಹೇಳಿ ಕೇಳಿ. ‘ಯಾತ್ರೆಗೆ ಹೋಗಬಹುದೇ’ ಎಂದು ಸುಮ್ಮನೆ ಕೇಳಿದರೆ ‘ಹೋಗಿ ಬನ್ನಿ’ ಎಂಬ ಉತ್ತರವೇ ಬರುತ್ತದೆ. ಹೃದಯದ ತೊಂದರೆ, ಶ್ವಾಸಕೋಶದ ಕಾಯಿಲೆ, ಹಿಡಿತಕ್ಕೆ ಬಾರದ ರಕ್ತದೊತ್ತಡ ಇದ್ದವರಿಗೆ ವೈದ್ಯರು ಬೇಡವೆಂದರೆ ಒತ್ತಾಯ ಮಾಡಬೇಡಿ. ಎತ್ತರಕ್ಕೆ ಹೊಂದಿಕೊಳ್ಳಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನೂ ವೈದ್ಯರ ಮಾತಿಲ್ಲದೆ ತೆಗೆದುಕೊಳ್ಳಬಾರದು. ಮುಕ್ತಿನಾಥ ಬೇಡವೆಂದಾದರೆ ಎಂಟು ದಿನದಲ್ಲಿ ಸುಖವಾದ ಯಾತ್ರೆ ಮುಗಿಯುತ್ತದೆ. ಬೇಕು ಎಂದಾದರೆ ಹನ್ನೊಂದಕ್ಕೆ ಕಡಿಮೆ ಇಟ್ಟುಕೊಳ್ಳಬೇಡಿ.

ಯಾವ ತಿಂಗಳು

ಅಕ್ಟೋಬರ್, ನವೆಂಬರ್ ಅತ್ಯುತ್ತಮ. ಮಾರ್ಚ್, ಏಪ್ರಿಲ್ ಎರಡನೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗುಡ್ಡ ಕುಸಿತ. ಆ ದಿನಗಳಲ್ಲಿ ಹಿರಿಯರನ್ನು ಪಹಾಡಿನ ರಸ್ತೆಗೆ ಕರೆದೊಯ್ಯುವ ಯೋಚನೆಯೇ ಬೇಡ. ಡಿಸೆಂಬರ್, ಜನವರಿಯಲ್ಲಿ ಮುಕ್ತಿನಾಥದಲ್ಲಿ ಹಿಮ, ಲುಂಬಿನಿಯಲ್ಲಿ ಮಂಜು.

ನಮ್ಮ ಶಾಲೆಗಳ ದಸರಾ ರಜೆಯ ಬಗ್ಗೆ ಒಂದು ಮಾತು. ನಮ್ಮ ನವರಾತ್ರಿಯೇ ನೇಪಾಳದ ದಶೈಂ, ಅವರ ಪಾಲಿಗೆ ವರ್ಷದ ದೊಡ್ಡ ಹಬ್ಬ. ಕಠ್ಮಂಡುವಿನ ಜನ ಊರಿಗೆ ಹೊರಡುತ್ತಾರೆ, ಬಸ್ಸು ವಿಮಾನಗಳೆಲ್ಲ ತುಂಬಿರುತ್ತವೆ, ಮುಖ್ಯ ದಿನಗಳಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ. ದೇವಿ ಗುಡಿಗಳಲ್ಲಿ ಪ್ರಾಣಿಬಲಿಯೂ ನಡೆಯುತ್ತದೆ. ಮಕ್ಕಳಿಗೂ ಸಸ್ಯಾಹಾರಿ ಹಿರಿಯರಿಗೂ ಅದು ಕಣ್ಣೆದುರಿಗೆ ಬೀಳಬಹುದು. ದಸರಾ ರಜೆಯಲ್ಲಿಯೇ ಹೋಗಬೇಕಾದವರು ಇದನ್ನು ತಿಳಿದುಕೊಂಡು ಹೋಗಲಿ. ಶಿವರಾತ್ರಿಯಂದು ಪಶುಪತಿಯಲ್ಲಿರಬೇಕು ಎನ್ನುವ ಭಕ್ತಿ ದೊಡ್ಡದು, ಆದರೆ ಅಂದಿನ ಸರತಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದು ಎಪ್ಪತ್ತು ದಾಟಿದವರ ಕಾಲಿಗೆ ಆಗದ ಕೆಲಸ.

ಕಾಗದಪತ್ರ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ, ಎರಡರಲ್ಲಿ ಒಂದು ಸಾಕು. ಎಡವುವುದು ಇಲ್ಲಿಯೇ. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ಕಾರ್ಡ್ ನಡೆಯುವುದಿಲ್ಲ. ದೇಶದೊಳಗೆ ಎಲ್ಲದಕ್ಕೂ ಆಧಾರ್ ತೋರಿಸಿ ಅಭ್ಯಾಸವಾದವರು ವಿಮಾನ ನಿಲ್ದಾಣದಲ್ಲಿ ಗಾಬರಿಯಾಗುವುದನ್ನು ನಾನೇ ನೋಡಿದ್ದೇನೆ. 65 ದಾಟಿದವರಿಗೂ 15 ತುಂಬದ ಮಕ್ಕಳಿಗೂ ವಯಸ್ಸು ಮತ್ತು ಗುರುತು ತೋರಿಸುವ ಭಾವಚಿತ್ರವಿರುವ ದಾಖಲೆ, ಅಂದರೆ ಆಧಾರ್ ಅಥವಾ ಪ್ಯಾನ್ ಕಾರ್ಡಿನಂಥದ್ದು, ಸಾಕಾಗುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಮಗಳು ಮೂವರದೂ ಸಲೀಸು. ತೊಡಕು ಬಂದದ್ದು ಹದಿನಾರರ ಮಗನದು: ಮತದಾರನೂ ಅಲ್ಲ, ಚಿಕ್ಕ ಮಗುವೂ ಅಲ್ಲ. 15ರಿಂದ 18ರ ನಡುವಿನವರಿಗೆ ಶಾಲೆಯ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರಕ್ಕೆ ಅವಕಾಶವಿದೆ. ಆದರೂ ನಾವು ಅವನಿಗೆ ಪಾಸ್‌ಪೋರ್ಟ್ ಮಾಡಿಸಿದೆವು. ಕೌಂಟರಿನಲ್ಲಿ ನಿಂತ ಪ್ರತಿಯೊಬ್ಬ ಸಿಬ್ಬಂದಿಗೂ ಆ ನಿಯಮ ವಿವರಿಸುತ್ತ ಕೂರುವುದಕ್ಕಿಂತ ಅದು ಎಷ್ಟೋ ವಾಸಿ.

ಹೆಸರಿನ ವಿಷಯ ಇನ್ನೊಂದು. ನಮ್ಮ ಕಡೆಯ ಹಿರಿಯರ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಊರಿನ ಹೆಸರು ಪೂರ್ತಿ. ಅಪ್ಪನ ಮತದಾರರ ಚೀಟಿಯಲ್ಲಿ ‘ರಾವ್’ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಪ್ರಯಾಣದಲ್ಲಿ ಯಾವ ದಾಖಲೆ ತೋರಿಸುತ್ತೀರೋ ಅದರಲ್ಲಿರುವ ಹಾಗೆಯೇ, ಅಕ್ಷರ ತಪ್ಪದೆ ಟಿಕೆಟಿನಲ್ಲಿ ಹೆಸರು ಹಾಕಿ. ಎಲ್ಲರ ದಾಖಲೆಗಳ ಎರಡೆರಡು ಜೆರಾಕ್ಸ್ ಪ್ರತಿ ಬೇರೆ ಬೇರೆ ಚೀಲದಲ್ಲಿರಲಿ. ಭಾವಚಿತ್ರಗಳೂ ಬೇಕು, ಅನುಮತಿ ಪತ್ರಕ್ಕೂ ಸಿಮ್‌ಗೂ ಕೇಳುತ್ತಾರೆ. ನೇಪಾಳದಲ್ಲಿ ದಾಖಲೆ ಕಳೆದುಹೋದರೆ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ಮರಳಿ ಬರುವುದಕ್ಕೆ ತುರ್ತು ಪತ್ರ ಕೊಡುತ್ತದೆ. ಆಗ ಈ ಪ್ರತಿಗಳೇ ಆಧಾರ.

ದಿನಗಳ ಹಂಚಿಕೆ

ನಮ್ಮ ಹನ್ನೆರಡು ದಿನ ಹೀಗಿದ್ದವು:

1. ಕಠ್ಮಂಡು ತಲುಪುವುದು, ಸಂಜೆ ಬೌದ್ಧನಾಥ ಸ್ತೂಪ
2. ಪಶುಪತಿನಾಥ, ಗುಹ್ಯೇಶ್ವರಿ, ಸಂಜೆ ಬಾಗ್ಮತಿ ಆರತಿ
3. ಬುಢಾನೀಲಕಂಠ, ಪಾಟನ್
4. ಚಾಂಗು ನಾರಾಯಣ, ಭಕ್ತಪುರ, ರಾತ್ರಿ ಅಲ್ಲಿಯೇ
5. ಸ್ವಯಂಭು, ಹನುಮಾನ್ ಢೋಕಾ, ಮಧ್ಯಾಹ್ನ ಪೋಖರಾಕ್ಕೆ
6. ಜೋಮ್‌ಸೋಮ್, ಅಲ್ಲಿಯೇ ವಿಶ್ರಾಂತಿ
7. ಮುಕ್ತಿನಾಥ, ಮರಳಿ ಕಾಗಬೇನಿ
8. ಪೋಖರಾ
9, 10. ಖಾಲಿ
11. ಲುಂಬಿನಿಗೆ ಪ್ರಯಾಣ
12. ಬೆಳಿಗ್ಗೆ ಲುಂಬಿನಿ ದರ್ಶನ, ಮಧ್ಯಾಹ್ನ ಗಡಿ ದಾಟುವುದು

ಈ ಸಲವೂ ಜೋಮ್‌ಸೋಮ್ ವಿಮಾನ ಒಂದು ದಿನ ರದ್ದಾಯಿತು. ಆದರೆ ಯಾರ ಮುಖವೂ ಬಾಡಲಿಲ್ಲ. ಒಂಬತ್ತನೆಯ ದಿನವನ್ನು ಮುಂದಕ್ಕೆ ಎಳೆದುಕೊಂಡು ಫೇವಾ ಸರೋವರದಲ್ಲಿ ದೋಣಿ ಹತ್ತಿದೆವು, ಮರುದಿನ ವಿಮಾನ ಎದ್ದಿತು. ಖಾಲಿ ದಿನಕ್ಕೆ ಹೋಟೆಲ್ ಖರ್ಚು ದಂಡವಲ್ಲವೇ ಎಂದು ಕೇಳುವವರಿದ್ದಾರೆ. ನಾವು 2018ರಲ್ಲಿ ಆ ಖರ್ಚು ಉಳಿಸಿದ್ದೆವು. ಅದಕ್ಕೆ ಪ್ರತಿಯಾಗಿ ಅಪ್ಪ ಐದು ವರ್ಷ ಕಾಯಬೇಕಾಯಿತು. ಮೋಡ ಒಂದೇ ಕಾರಣವಲ್ಲ. 2025ರ ಸೆಪ್ಟೆಂಬರ್‌ನ ಗಲಭೆಯಲ್ಲಿ ಕಠ್ಮಂಡುವಿನ ವಿಮಾನ ನಿಲ್ದಾಣವೇ ಮುಚ್ಚಿತ್ತು.

ಟಿಕೆಟ್

ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಸರಿ, ಇಲ್ಲವಾದರೆ ದೆಹಲಿಯ ಮೂಲಕ. ದೆಹಲಿಯಿಂದ ಹೋಗುವಾಗ ಎಡಗಡೆಯ ಕಿಟಕಿ, ಕಠ್ಮಂಡುವಿನಿಂದ ಪೋಖರಾಕ್ಕೆ ಬಲಗಡೆಯ ಕಿಟಕಿ ಕೇಳಿ. ಹಿಮಾಲಯ ಕಾಣುವುದು ಆ ಕಡೆಗೆ. ಹಿರಿಯರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ನಮೂದಿಸಿ. ‘ನನಗೇನಾಗಿದೆ, ನಡೆಯುತ್ತೇನೆ’ ಎಂದು ಅಪ್ಪ ಹೇಳಿದರು. ತಪಾಸಣೆಯ ಸರತಿ ನೋಡಿದ ಮೇಲೆ ಸುಮ್ಮನೆ ಕುಳಿತರು.

ನೇಪಾಳದ ಒಳನಾಡಿನ ವಿಮಾನಗಳಲ್ಲಿ ನೇಪಾಳಿಗಳಿಗೆ ಒಂದು ದರ, ಭಾರತೀಯರಿಗೆ ಒಂದು, ಉಳಿದ ವಿದೇಶಿಯರಿಗೆ ಇನ್ನೊಂದು. ಆದ್ದರಿಂದ ಕಾಯ್ದಿರಿಸುವಾಗ ರಾಷ್ಟ್ರೀಯತೆಯ ಜಾಗದಲ್ಲಿ ಭಾರತ ಎಂದೇ ಆರಿಸಿ. ಕಠ್ಮಂಡುವಿನಿಂದ ಪೋಖರಾ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್. ಕೇಳಲು ಹತ್ತಿರವೆನಿಸಿದರೂ ಏಳೆಂಟು ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಮಂಡಿನೋವಿನವರು ಜೊತೆಗಿದ್ದರೆ ಈ ಒಂದು ಕಡೆ ಹಣ ಉಳಿಸಲು ಹೋಗಬೇಡಿ. ರಾತ್ರಿಯ ಬಸ್ಸಂತೂ ಬೇಡವೇ ಬೇಡ.

ಹಣ, ಫೋನು, ಗಡಿಯಾರ

ನೇಪಾಳಿ ರೂಪಾಯಿಯ ಬೆಲೆ ನಮ್ಮ ರೂಪಾಯಿಗೆ ಕಟ್ಟಿದ್ದು: ನಮ್ಮ 100ಕ್ಕೆ ಅವರ 160. ಅಂಗಡಿಯವರು ಬೆಲೆ ಹೇಳಿದಾಗ ‘ಐಸಿ’ ಅಂದರೆ ಭಾರತದ ಹಣ, ‘ಎನ್‌ಸಿ’ ಅಂದರೆ ನೇಪಾಳದ್ದು. ಯಾವುದೆಂದು ಕೇಳಿಯೇ ಕೊಡಿ. ನಮ್ಮ ನೋಟುಗಳಲ್ಲಿ ತಕರಾರಿಲ್ಲದೆ ನಡೆಯುವುದು 100ರ ನೋಟು ಮತ್ತು ಅದಕ್ಕಿಂತ ಕೆಳಗಿನವು. ದೊಡ್ಡ ನೋಟುಗಳ ನಿಯಮ ಬದಲಾಗುತ್ತ ಬಂದಿದೆ, ಹೊರಡುವ ವಾರದಲ್ಲಿ ಬ್ಯಾಂಕಿನಲ್ಲಿ ವಿಚಾರಿಸಿ. ನಾವು ಬ್ಯಾಂಕಿನಿಂದ 100ರ ಕಟ್ಟುಗಳನ್ನೇ ತಂದಿಟ್ಟುಕೊಂಡಿದ್ದೆವು. 2024ರ ಮಾರ್ಚ್‌ನಿಂದ ಅಲ್ಲಿಯ ಫೋನ್‌ಪೇ (Fonepay, ನಮ್ಮ PhonePe ಅಲ್ಲ) ಜಾಲದ ಕ್ಯೂಆರ್ ಫಲಕಗಳಿಗೆ ನಮ್ಮ ಯುಪಿಐ ಮೂಲಕ ಪಾವತಿಸುವ ವ್ಯವಸ್ಥೆ ಬಂದಿದೆ. ಪಟ್ಟಣಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಜೋಮ್‌ಸೋಮ್, ಮುಕ್ತಿನಾಥ ಇರುವ ಮುಸ್ತಾಂಗ್ ಜಿಲ್ಲೆಯ ಕಡೆ ಅದನ್ನೇ ನಂಬಿ ಹೋಗಬೇಡಿ. ಎಟಿಎಂ ಕಾರ್ಡನ್ನು ವಿದೇಶದಲ್ಲಿ ಬಳಸುವ ಅನುಮತಿಯನ್ನು ಊರಿನಲ್ಲಿರುವಾಗಲೇ ಚಾಲೂ ಮಾಡಿಸಿ.

ಮನೆಯ ಒಬ್ಬರ ಸಿಮ್‌ಗಾದರೂ ಅಂತರರಾಷ್ಟ್ರೀಯ ರೋಮಿಂಗ್ ಇರಲಿ, ಇಲ್ಲವಾದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಉಳಿದವರಿಗೆ ವಿಮಾನ ನಿಲ್ದಾಣದಲ್ಲಿಯೇ ನೇಪಾಳ ಟೆಲಿಕಾಂ ಅಥವಾ ಎನ್‌ಸೆಲ್ ಸಿಮ್ ಸಿಗುತ್ತದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ವಾರದ ರಜೆ ಶನಿವಾರ. ಪ್ರವಾಸಿ ಪೊಲೀಸರ ಸಂಖ್ಯೆ 1144, ಆಂಬುಲೆನ್ಸ್ 102; ಎರಡನ್ನೂ ಎಲ್ಲರ ಫೋನಿನಲ್ಲಿ ಬರೆದಿಡಿ.

ಪಶುಪತಿನಾಥ

ಈ ಒಂದು ದಿನವನ್ನು ಬೇರೆ ಯಾವುದಕ್ಕೂ ಹಂಚಬೇಡಿ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತದೆ, ಸಂಜೆ ಮತ್ತೆ ತೆರೆಯುತ್ತದೆ. ಚರ್ಮದ ಬೆಲ್ಟು, ಪರ್ಸುಗಳನ್ನು ಹೋಟೆಲಿನಲ್ಲಿಯೇ ಬಿಟ್ಟು ಹೋಗಿ. ಒಳಗೆ ಚಿತ್ರ ತೆಗೆಯುವಂತಿಲ್ಲ. ರುದ್ರಾಭಿಷೇಕ ಮಾಡಿಸುವವರು ಹಿಂದಿನ ದಿನವೇ ದೇವಸ್ಥಾನದ ಕೌಂಟರಿನಲ್ಲಿ ವಿಚಾರಿಸಿ ರಸೀದಿ ಪಡೆಯಿರಿ. ಹೊರಗೆ ‘ಬೇಗ ದರ್ಶನ ಮಾಡಿಸುತ್ತೇನೆ’ ಎಂದು ಬರುವವರ ಕೈಗೆ ಹಣ ಕೊಡಬೇಡಿ.

ಇಲ್ಲಿಯ ಲಿಂಗಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಮುಖ: ಪೂರ್ವಕ್ಕೆ ತತ್ಪುರುಷ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ, ದಕ್ಷಿಣಕ್ಕೆ ಅಘೋರ, ಮೇಲೆ ನಿರಾಕಾರವಾದ ಈಶಾನ. ಗರ್ಭಗುಡಿಗೂ ಬೆಳ್ಳಿಯ ಹೊದಿಕೆಯ ನಾಲ್ಕು ಬಾಗಿಲು. ಒಂದು ಬಾಗಿಲಲ್ಲಿ ಕೈಮುಗಿದು ಹೊರಬಂದರೆ ಒಂದು ಮುಖ ಮಾತ್ರ ಕಂಡಂತಾಯಿತು. ಪ್ರದಕ್ಷಿಣೆ ಬಂದು ನಾಲ್ಕನ್ನೂ ನೋಡಿ. ಪಂಚಬ್ರಹ್ಮ ಮಂತ್ರ ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಹಿಂದಿನ ರಾತ್ರಿ ಮಕ್ಕಳಿಗೆ ಈ ಐದು ಹೆಸರುಗಳನ್ನು ಅವರ ಬಾಯಿಂದಲೇ ಹೇಳಿಸಿ. ನಮ್ಮ ಮಗಳು ಪ್ರತಿ ಬಾಗಿಲಲ್ಲೂ ಅಜ್ಜನಿಗಿಂತ ಮೊದಲು ಹೆಸರು ಹೇಳುತ್ತಿದ್ದಳು.

ಕನ್ನಡಿಗರಿಗೆ ಈ ಗುಡಿ ಇನ್ನೊಂದು ಕಾರಣಕ್ಕೆ ಹತ್ತಿರ. ಪಶುಪತಿಯ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಇರುವುದು ದಕ್ಷಿಣದಿಂದ ಬಂದ ಭಟ್ಟರಿಗೆ ಮಾತ್ರ, ಅವರಲ್ಲಿ ಕರ್ನಾಟಕದ ಕರಾವಳಿಯವರು ಇದ್ದಾರೆ. ಈ ಪದ್ಧತಿ ಆದಿ ಶಂಕರರಿಂದ ಬಂದದ್ದು ಎನ್ನುತ್ತದೆ ಸಂಪ್ರದಾಯ. ಅಮ್ಮ ಬಾಗಿಲ ಬಳಿ ಅಭ್ಯಾಸದಂತೆ ‘ಸ್ವಲ್ಪ ತೀರ್ಥ ಕೊಡಿ’ ಎಂದುಬಿಟ್ಟರು. ಒಳಗಿನಿಂದ ‘ಯಾವ ಊರಮ್ಮ?’ ಎಂಬ ಪ್ರಶ್ನೆ ಬಂತು. ಹಿಂದೆ ಸರತಿ ಒತ್ತುತ್ತಿತ್ತು, ಊರಿನ ಹೆಸರು ಹೇಳುವಷ್ಟೇ ಸಮಯ ಸಿಕ್ಕಿತು. ಅಮ್ಮನ ಕಣ್ಣು ತುಂಬಿಕೊಂಡಿತ್ತು.

ದೇವಸ್ಥಾನದ ಬದಿಗೇ ಬಾಗ್ಮತಿಯ ಆರ್ಯಘಾಟ್. ಅಲ್ಲಿ ಚಿತೆಗಳು ಉರಿಯುತ್ತಲೇ ಇರುತ್ತವೆ, ಎದುರಿನ ದಂಡೆಯಿಂದ ಎಲ್ಲವೂ ಕಾಣುತ್ತದೆ. ಮಕ್ಕಳಿಗೆ ಮೊದಲೇ ತಿಳಿಸಿ ಕರೆದುಕೊಂಡು ಹೋಗಿ. ಅದು ಒಂದು ಮನೆಯವರ ದುಃಖದ ಗಳಿಗೆ. ಅತ್ತ ಮೊಬೈಲ್ ಹಿಡಿಯಬಾರದು ಎಂಬುದನ್ನು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಹೇಳಬೇಕಾಗಿದೆ. ಸಂಜೆಯ ಆರತಿಗೆ ಅರ್ಧ ಗಂಟೆ ಮೊದಲೇ ಹೋದರೆ ಹಿರಿಯರಿಗೆ ಮೆಟ್ಟಿಲ ಮೇಲೆ ಕೂರುವ ಜಾಗ ಸಿಗುತ್ತದೆ.

ಕಣಿವೆಯ ಉಳಿದ ದಿನಗಳು

ಕಠ್ಮಂಡು ಕಣಿವೆಯ ಏಳು ತಾಣಗಳು 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಏಳನ್ನೂ ಎರಡು ದಿನದಲ್ಲಿ ಓಡಿಸಿ ತೋರಿಸುವ ಪ್ಯಾಕೇಜ್‌ಗಳಿವೆ, ಅವುಗಳ ಸಹವಾಸ ಬೇಡ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಮಲಗಿ ಎದ್ದು ಸಂಜೆ ಇನ್ನೊಂದು. ನಾವು ಇಟ್ಟುಕೊಂಡ ನಿಯಮ ಅಷ್ಟೇ. ಅರಮನೆ ಚೌಕಗಳ ಪ್ರವೇಶ ಶುಲ್ಕ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಬಹಳ ಕಡಿಮೆ, ಗುರುತಿನ ಚೀಟಿ ಕೈಯಲ್ಲಿರಲಿ.

ಪಾಟನ್‌ನಲ್ಲಿ ನೋಡಲೇಬೇಕಾದದ್ದು ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕಲ್ಲಿನ ಕೃಷ್ಣ ಮಂದಿರ. 21 ಶಿಖರಗಳ ಆ ಗುಡಿಯ ಸುತ್ತ ಮಹಾಭಾರತ, ರಾಮಾಯಣದ ಕೆತ್ತನೆಯ ಪಟ್ಟಿಕೆಗಳಿವೆ. ಹೊಯ್ಸಳ ಗುಡಿಗಳ ಪಟ್ಟಿಕೆ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಕಥೆ ಗುರುತಿಸುವುದೇ ಒಂದು ಹಬ್ಬ. ಬುಢಾನೀಲಕಂಠದಲ್ಲಿ ಕೊಳದ ಮಧ್ಯೆ ಶೇಷನ ಮೇಲೆ ಮಲಗಿರುವ ಏಕಶಿಲೆಯ ನಾರಾಯಣ. ಮೆಟ್ಟಿಲು ಕಡಿಮೆ, ಹಿರಿಯರಿಗೆ ಹಿತ. ಚಾಂಗು ನಾರಾಯಣದಲ್ಲಿ ಲಿಚ್ಛವಿ ರಾಜ ಮಾನದೇವನ ಕ್ರಿ.ಶ. 464ರ ಸ್ತಂಭಶಾಸನವಿದೆ. ನಮ್ಮ ಹಲ್ಮಿಡಿ ಶಾಸನದ ಕಾಲದ ಆಸುಪಾಸಿನದು ಎಂದು ಮಗನಿಗೆ ಹೇಳಿದ್ದಕ್ಕೆ ಅವನು ಅಲ್ಲಿಂದ ಕದಲಲೇ ಇಲ್ಲ. ಗುಡ್ಡದ ಮೇಲಿನ ಸ್ವಯಂಭು ಸ್ತೂಪಕ್ಕೆ ಪೂರ್ವದಿಂದ ಹತ್ತಿದರೆ 365 ಮೆಟ್ಟಿಲು. ಪಶ್ಚಿಮದ ಕಡೆಯಿಂದ ವಾಹನ ಬಹುಮಟ್ಟಿಗೆ ಮೇಲಿನವರೆಗೆ ಹೋಗುತ್ತದೆ, ಹಿರಿಯರನ್ನು ಆ ದಾರಿಯಲ್ಲಿಯೇ ಕರೆದೊಯ್ಯಿರಿ. ಸ್ತೂಪಗಳನ್ನು ಬಲಕ್ಕಿಟ್ಟುಕೊಂಡೇ ಸುತ್ತಬೇಕು, ನಮ್ಮ ಪ್ರದಕ್ಷಿಣೆಯ ಹಾಗೆ.

ಭಕ್ತಪುರದಲ್ಲಿ ಒಂದು ರಾತ್ರಿ ಉಳಿಯಿರಿ. ಹಗಲಿನ ಗುಂಪು ಕರಗಿದ ಮೇಲೆ ಆ ಊರಿನ ಇಟ್ಟಿಗೆಯ ಬೀದಿಗಳು ನಿಮ್ಮವಾಗುತ್ತವೆ. ನ್ಯಾತಪೋಲ ದೇವಾಲಯವನ್ನು ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ. ಐದು ಮಾಡಿನ ಈ ಗುಡಿ 1934ರ ಭೂಕಂಪವನ್ನೂ 2015ರ ಏಪ್ರಿಲ್ 25ರ ಭೂಕಂಪವನ್ನೂ ತಾಳಿ ನಿಂತಿದೆ. ಮೆಟ್ಟಿಲ ಇಕ್ಕೆಲಗಳಲ್ಲಿ ಕೆಳಗಿನಿಂದ ಜಟ್ಟಿಗಳು, ಆನೆ, ಸಿಂಹ, ಹದ್ದುಮೊಗದ ಸಿಂಹ, ಕೊನೆಗೆ ಬಾಘಿನಿ ಸಿಂಘಿನಿ ದೇವಿಯರು. ಪ್ರತಿ ಜೋಡಿಯ ಬಲ ಕೆಳಗಿನದರ ಹತ್ತು ಪಟ್ಟು ಎಂಬುದು ನಂಬಿಕೆ. ಮಗಳು ಕೆಳಗಿನ ಜಟ್ಟಿಯನ್ನು ಒಂದು ಎಂದು ಹಿಡಿದು ಹತ್ತು, ನೂರು, ಸಾವಿರ ಎನ್ನುತ್ತ ಹತ್ತಿ, ಮೇಲಿನಿಂದ ‘ಹತ್ತು ಸಾವಿರ’ ಎಂದು ಕೂಗಿದಳು. ಕೆಳಗೆ ಅಮ್ಮ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಜುಜು ಧೌ ತಿನ್ನುತ್ತ ಕುಳಿತಿದ್ದರು. ಗಟ್ಟಿ ಸಿಹಿ ಮೊಸರು ಅದು, ಕುಡಿಕೆ ಬೋರಲು ಹಾಕಿದರೂ ಬೀಳದಂಥದ್ದು.

ಕಣಿವೆಯನ್ನು ಆಳಿದ ಈ ಮಲ್ಲ ಅರಸರು ತಮ್ಮ ಮೂಲವನ್ನು ಕರ್ಣಾಟ ವಂಶಕ್ಕೆ ಜೋಡಿಸಿಕೊಂಡಿದ್ದರು. 1097ರಲ್ಲಿ ನಾನ್ಯದೇವ ಎಂಬ ಕರ್ಣಾಟ ಕುಲದವನು ನೇಪಾಳದ ದಕ್ಷಿಣದ ಬಯಲುಸೀಮೆಯಾದ ತರಾಯಿಯ ಸಿಮ್ರೌನ್‌ಗಢದಲ್ಲಿ ರಾಜ್ಯ ಸ್ಥಾಪಿಸಿದ. 1324ರ ಹೊತ್ತಿಗೆ ಘಿಯಾಸುದ್ದೀನ್ ತುಘಲಕ್‌ನ ದಾಳಿಗೆ ಆ ರಾಜಧಾನಿ ಬಿತ್ತು. ಕಠ್ಮಂಡುವಿನ ಅರಮನೆಯಲ್ಲಿರುವ ತಲೇಜು ದೇವಿಯ ಕಥೆಯೂ ಆ ವಂಶದ ಹರಿಸಿಂಹದೇವನೊಂದಿಗೆ ಹೆಣೆದುಕೊಂಡಿದೆ. ಹನುಮಾನ್ ಢೋಕಾದಲ್ಲಿ ನಿಂತಾಗ ಈ ನೂಲನ್ನು ಮಕ್ಕಳ ಕೈಗೆ ಕೊಡಿ. ಪಕ್ಕದಲ್ಲಿಯೇ ಕುಮಾರಿ ಮನೆ. ಜೀವಂತ ದೇವಿಯೆಂದು ಪೂಜೆಗೊಳ್ಳುವ ಹುಡುಗಿ ಕಿಟಕಿಯಲ್ಲಿ ಕಂಡರೆ ಕೈ ಮುಗಿಯಿರಿ, ಚಿತ್ರ ತೆಗೆಯಬಾರದು.

ಮುಕ್ತಿನಾಥ

ಪೋಖರಾದಿಂದ ಜೋಮ್‌ಸೋಮ್‌ಗೆ ಪುಟ್ಟ ವಿಮಾನ, ಇಪ್ಪತ್ತು ನಿಮಿಷ. ಅನ್ನಪೂರ್ಣ ಮತ್ತು ಧವಳಗಿರಿ ಶಿಖರಗಳ ನಡುವಿನ ಕಾಳಿಗಂಡಕಿಯ ಕಣಿವೆಯಲ್ಲಿ ಹಾರುತ್ತದೆ. ಹೊತ್ತೇರಿದಂತೆ ಕಣಿವೆಯಲ್ಲಿ ಗಾಳಿ ಜೋರಾಗುವುದರಿಂದ ವಿಮಾನಗಳೆಲ್ಲ ಬೆಳಗಿನ ಹೊತ್ತೇ. ಆ ದಿನದ ಮೊದಲ ವಿಮಾನಕ್ಕೆ ಟಿಕೆಟ್ ತೆಗೆಯಿರಿ. ಸಾಮಾನಿನ ಮಿತಿ ಕಡಿಮೆ. ಎರಡು ದಿನದ ಬಟ್ಟೆ, ಔಷಧಿ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಪೋಖರಾದ ಹೋಟೆಲಿನಲ್ಲಿ ಬಿಡಿ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಅನುಮತಿ ಪತ್ರ ಭಾರತೀಯರಿಗೂ ಬೇಕು. ಪೋಖರಾದಲ್ಲಿಯೇ ಮಾಡಿಸಿ, ಸಾರ್ಕ್ ದರ ಕೇಳಿ.

ರಸ್ತೆಯ ದಾರಿ ಹಿಡಿಯುವವರು ಒಂದೇ ದಿನದಲ್ಲಿ ತಲುಪುವ ಹಟ ಮಾಡದೆ ತಾತೋಪಾನಿಯಲ್ಲಿ ರಾತ್ರಿ ಕಳೆಯಿರಿ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ಜೀಪಿನ ಕುಲುಕಾಟಕ್ಕೆ ನೊಂದ ಸೊಂಟಕ್ಕೆ ಅದೇ ಮದ್ದು. ಆದರೆ ತಾತೋಪಾನಿ ತಗ್ಗಿನ ಜಾಗ, ಮುಕ್ತಿನಾಥದ ಎತ್ತರಕ್ಕೆ ದೇಹ ಒಗ್ಗಲು ಆ ರಾತ್ರಿ ಸಾಲದು.

ವಿಮಾನದಲ್ಲಿ ಹೋದವರು ಆ ದಿನವೇ ಮುಕ್ತಿನಾಥಕ್ಕೆ ಏರಬೇಡಿ. ಇದು ನನ್ನ ಅತಿ ಮುಖ್ಯವಾದ ಮಾತು. ಬೆಳಿಗ್ಗೆ 800 ಮೀಟರ್‌ನಲ್ಲಿದ್ದ ದೇಹವನ್ನು ಮಧ್ಯಾಹ್ನದೊಳಗೆ 3,700ಕ್ಕೆ ಏರಿಸಿದರೆ ಹದಿನಾರರ ಹುಡುಗನಿಗೂ ತಲೆ ಸುತ್ತುತ್ತದೆ. ಜೋಮ್‌ಸೋಮ್‌ನಲ್ಲಿಯೋ ಮಾರ್ಫಾದಲ್ಲಿಯೋ ಉಳಿಯಿರಿ, ನೀರು ಹೆಚ್ಚು ಕುಡಿಯಿರಿ, ಬೇಗ ಮಲಗಿ. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗದೆ ಅಲ್ಲಿಯೇ ನಿಲ್ಲಿ. ಹೆಚ್ಚಾದರೆ ಕೂಡಲೇ ಕೆಳಗೆ ಇಳಿಯಬೇಕು, ಇಳಿಯುವುದೇ ಚಿಕಿತ್ಸೆ. ಪ್ರಯಾಣ ವಿಮೆ ಮಾಡಿಸುವಾಗ ಇಷ್ಟು ಎತ್ತರದಿಂದ ಹೆಲಿಕಾಪ್ಟರ್‌ನಲ್ಲಿ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ.

ಮರುದಿನ ಜೀಪು ರಾಣಿಪೌವಾದವರೆಗೆ ಹೋಗುತ್ತದೆ. ಅಲ್ಲಿಂದ ಗುಡಿಗೆ ನಡಿಗೆ, ಮೆಟ್ಟಿಲು. ಕುದುರೆ ಸಿಗುತ್ತದೆ. ಅಮ್ಮ ಕುದುರೆ ಏರಿದರು. ಅಪ್ಪ ಹತ್ತು ಹೆಜ್ಜೆಗೊಮ್ಮೆ ನಿಂತು ನಡೆದೇ ಬಂದರು. ಆಳ್ವಾರರು ಹಾಡಿದ 108 ದಿವ್ಯದೇಶಗಳಲ್ಲಿ ಒಂದಾದ ಸಾಳಗ್ರಾಮ ಇದೇ ಎಂದು ಶ್ರೀವೈಷ್ಣವರು ಆರಾಧಿಸುತ್ತಾರೆ. ಬೌದ್ಧರಿಗೂ ಇದು ಪವಿತ್ರ, ಗುಡಿಯ ಸೇವೆಯಲ್ಲಿ ಬೌದ್ಧ ಸನ್ಯಾಸಿನಿಯರಿದ್ದಾರೆ. ಗುಡಿಯ ಹಿಂದೆ ಅರ್ಧವೃತ್ತದಲ್ಲಿ 108 ಧಾರೆಗಳು, ಮುಂದೆ ಎರಡು ಕುಂಡಗಳು. ನೀರು ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ. ಹಿರಿಯರು ಮೀಯಲೇಬೇಕಿಲ್ಲ, ಪ್ರೋಕ್ಷಣೆ ಸಾಕು ಎಂದು ಮೊದಲೇ ಮನೆಯಲ್ಲಿ ಮಾತಾಡಿಕೊಂಡಿರಿ. ಅಲ್ಲಿ ನಿಂತು ವಾದ ಮಾಡಬಾರದು. ಮೀಯುವವರಿಗೆ ದಪ್ಪ ಟವೆಲ್, ಒಣ ಬಟ್ಟೆ, ಉಣ್ಣೆಯ ಟೋಪಿ ಕೈಗೆಟಕುವಂತಿರಲಿ. ಹತ್ತಿರದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಬರುವ ಅನಿಲದ ಪುಟ್ಟ ಜ್ವಾಲೆ ಉರಿಯುತ್ತದೆ, ಅದನ್ನೂ ನೋಡಿ ಬನ್ನಿ.

ಇಳಿದು ಬರುವಾಗ ಕಾಗಬೇನಿ. ಕಾಳಿಗಂಡಕಿಯ ಈ ಸಂಗಮದಲ್ಲಿ ಪಿತೃಕಾರ್ಯ ಮಾಡುತ್ತಾರೆ. ಮಾಡಿಸುವ ಮನಸ್ಸಿದ್ದರೆ ಎಳ್ಳು, ದರ್ಭೆ, ಪಂಚೆ ಊರಿನಿಂದಲೇ ತನ್ನಿ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಅಪ್ಪನಿಗೆ ಅವರ ಅಜ್ಜನಿಂದ ಬಂದದ್ದು. ಬೆಳಿಗ್ಗೆ ಅದಕ್ಕೆ ಅಭಿಷೇಕ ಮಾಡದೆ ಅವರು ಕಾಫಿ ಕುಡಿದವರಲ್ಲ. ಸಾಲಿಗ್ರಾಮ ಹುಟ್ಟುವ ಗಂಡಕಿ ಅಲ್ಲಿ ಕಣ್ಣೆದುರು ಹರಿಯುತ್ತಿತ್ತು, ಬೂದು ಬಣ್ಣದ, ಮರಳು ತುಂಬಿದ ನೀರು. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಅಮೊನೈಟ್ ಜೀವಿಗಳು ಕಲ್ಲಾದವು, ಅದರಿಂದಲೇ ಒಳಗೆ ಆ ಚಕ್ರ ಎಂದು ಮಗ ವಿವರಿಸಿದ. ಅಪ್ಪ ಬಗ್ಗಿ ಕೈಗೆ ನೀರು ತೆಗೆದುಕೊಂಡು, ‘ಸಮುದ್ರದಲ್ಲಿ ಮಲಗಿದವನು ಸಮುದ್ರದಿಂದಲೇ ಬರಬೇಕಲ್ಲವೇ’ ಎಂದರು.

ಊಟ, ಔಷಧಿ

ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ: ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ. ಹಿರಿಯರ ಹೊಟ್ಟೆಗೆ ಒಗ್ಗುತ್ತದೆ. ಮೊಮೊ ತಿನ್ನುವ ಮಕ್ಕಳಿದ್ದರೆ ಎಚ್ಚರ. ಫಲಕದಲ್ಲಿ ‘ಬಫ್’ ಎಂದಿದ್ದರೆ ಎಮ್ಮೆ ಮಾಂಸ. ಕಟ್ಟಾ ಸಸ್ಯಾಹಾರಿಗಳು ಶುದ್ಧ ಸಸ್ಯಾಹಾರಿ ಹೋಟೆಲನ್ನೇ ಹುಡುಕಿಕೊಳ್ಳಿ. ನಾವು ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತೆಗೆದುಕೊಂಡು ಹೋಗಿದ್ದೆವು. ಜೋಮ್‌ಸೋಮ್‌ನಲ್ಲಿ ಬಿಸಿ ಅನ್ನಕ್ಕೆ ಕಲಸಿದ ಆ ಗೊಜ್ಜನ್ನು ಮಕ್ಕಳೂ ಬಿಡಲಿಲ್ಲ. ದಿನವೂ ನುಂಗುವ ಮಾತ್ರೆಗಳನ್ನು ನಾಲ್ಕು ದಿನ ಹೆಚ್ಚಿಗೆ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿಯೇ ಇಡಿ.

ಲುಂಬಿನಿ, ಅಲ್ಲಿಂದ ಮನೆಗೆ

ಪೋಖರಾದಿಂದ ಲುಂಬಿನಿಗೆ ತಾನ್ಸೇನ್ ಮೂಲಕ ಇಡೀ ದಿನದ ಗುಡ್ಡಗಾಡು ರಸ್ತೆ. ಸ್ವಂತ ಬಾಡಿಗೆ ವಾಹನ ಮಾಡಿಕೊಂಡು ನಿಲ್ಲಿಸಿ ನಿಲ್ಲಿಸಿ ಹೋಗಿ. ಏಪ್ರಿಲ್ ಕೊನೆಯಲ್ಲಿ ಲುಂಬಿನಿಯ ಬಿಸಿಲು ನಮ್ಮ ರಾಯಚೂರಿನದೇ. ಆದ್ದರಿಂದ ಬೆಳಗ್ಗೆ ಬಾಗಿಲು ತೆರೆಯುವಾಗಲೇ ಒಳಗಿರಬೇಕು. ಆವರಣ ಬಹಳ ವಿಶಾಲ, ಒಳಗೆ ಓಡಾಡಲು ಇ-ರಿಕ್ಷಾ ಸಿಗುತ್ತದೆ. ಮಾಯಾದೇವಿ ದೇವಾಲಯದ ಬಳಿ ಬರಿಗಾಲಲ್ಲಿ ನಡೆಯಬೇಕು, ಒಳಗೆ ಚಿತ್ರ ತೆಗೆಯುವಂತಿಲ್ಲ.

ದೇವಾಲಯದ ಪಕ್ಕದಲ್ಲಿ ಅಶೋಕ ಸ್ತಂಭ. 1896ರಲ್ಲಿ ಬೆಳಕಿಗೆ ಬಂದದ್ದು. ಪಟ್ಟಾಭಿಷೇಕವಾಗಿ ಇಪ್ಪತ್ತು ವರ್ಷಗಳಾದಾಗ ಪ್ರಿಯದರ್ಶಿ ರಾಜ ತಾನೇ ಇಲ್ಲಿಗೆ ಬಂದು ಪೂಜಿಸಿದನೆಂದೂ, ಶಾಕ್ಯಮುನಿ ಬುದ್ಧ ಹುಟ್ಟಿದ್ದು ಇಲ್ಲಿಯೇ ಎಂದೂ, ಅದಕ್ಕಾಗಿ ಲುಂಬಿನಿ ಗ್ರಾಮದ ಬಲಿ ಎಂಬ ತೆರಿಗೆ ತೆಗೆದು ಎಂಟನೆಯ ಒಂದು ಪಾಲು ಮಾತ್ರ ಉಳಿಸಿದನೆಂದೂ ಅದರಲ್ಲಿದೆ. ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರಿನ ಸಮೇತ ಬರೆಸಿದ ಅರಸ ಇವನೇ, ಲಿಪಿಯೂ ಅದೇ ಬ್ರಾಹ್ಮಿ. ಹೋಗುವ ಮುನ್ನ ಮಕ್ಕಳಿಗೆ ಬ್ರಾಹ್ಮಿಯ ಹತ್ತು ಅಕ್ಷರ ಕಲಿಸಿ. ನಮ್ಮ ಮಗಳು ಬೇಲಿಗೆ ಮೂಗು ತಾಗಿಸಿ ‘ಲ’ ಹುಡುಕಿದಳು.

ಲುಂಬಿನಿಯಿಂದ ಸುನೌಲಿ ಗಡಿ ಒಂದು ಗಂಟೆಯ ದಾರಿ. ಗಡಿಯನ್ನು ನಡೆದು ದಾಟಿ, ಆಚೆ ಭಾರತದ ನೋಂದಣಿಯ ಟ್ಯಾಕ್ಸಿ ಹಿಡಿದರೆ ಸುಮಾರು ಮೂರು ಗಂಟೆಯಲ್ಲಿ ಗೋರಖಪುರ. ಅಲ್ಲಿಂದ ಯಶವಂತಪುರಕ್ಕೆ ನೇರ ರೈಲು ಉಂಟು, ಪ್ರತಿದಿನ ಇಲ್ಲ; ನಿಮ್ಮ ದಿನಾಂಕಕ್ಕೆ ಹೊಂದದಿದ್ದರೆ ವಿಮಾನ ನೋಡಿ. ಗಡಿಯಲ್ಲಿ ಎಲ್ಲರ ಗುರುತಿನ ಚೀಟಿ ಒಬ್ಬರ ಕೈಯಲ್ಲಿರಲಿ, ಸಾಮಾನಿನ ತಪಾಸಣೆಗೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಉಳಿದ ನೇಪಾಳಿ ಹಣವನ್ನು ಗಡಿ ದಾಟುವ ಮೊದಲೇ ಬದಲಾಯಿಸಿಕೊಳ್ಳಿ, ಗೋರಖಪುರದಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಕೈಗಡಿಯಾರವನ್ನು ಕಾಲು ಗಂಟೆ ಹಿಂದಕ್ಕೆ ತಿರುಗಿಸಿಕೊಂಡ ಮೇಲೆಯೇ ರೈಲಿನ ಹೊತ್ತು ಲೆಕ್ಕ ಹಾಕಿ.